ಅಂಕಿ ಮಾತ್ರ ಹಾಕಿ

ಕೊಲ್ಲಿ ದೇಶದ ಶುವೈಖಿನಲ್ಲಿರುವ ನಮ್ಮ ಕಾರ್ಗೋ ಆಫೀಸಿನಲ್ಲಿ ಶವಪೆಟ್ಟಿಗೆಯ ಲೇಬಲ್ ಟೈಪ್ ಮಾಡುವ ಕೆಲಸ ಯಾರಿಗೂ ಬೇಡ. ಹಾಗಾಗಿ ಅದು ಯಾವಾಗಲೂ ನನ್ನ ತಲೆಗೆ.

ಆ ದಿನದ ಪೆಟ್ಟಿಗೆ ಇಥಿಯೋಪಿಯಾಕ್ಕೆ ಹೋಗುವುದಿತ್ತು. ಇಲ್ಲೇ ರುಮೈಥಿಯಾದಲ್ಲಿ ಮನೆಗೆಲಸಕ್ಕಿದ್ದ ಹುಡುಗಿ. ಅವಳ ಅಕ್ಕ ನನ್ನೆದುರು ಮೊಬೈಲ್ ಹಿಡಿದು ನಿಂತಿದ್ದಳು. ಊರಿನ ಚರ್ಚಿನವರು ಹುಡುಗಿ ಹುಟ್ಟಿದ ವರ್ಷವನ್ನು ತಮ್ಮದೇ ಲಿಪಿಯ ಅಂಕಿಗಳಲ್ಲಿ ಕಳಿಸಿದ್ದರು.

"ಪಾಸ್‌ಪೋರ್ಟಿನ ವರ್ಷ ಏಜೆಂಟ್ ಬರೆಸಿದ್ದು, ಭಾಯಿ," ಎಂದಳು ಹರಕು ಅರಬಿಯಲ್ಲಿ. "ಅವಳಿಗೆ ಹದಿನೇಳೇ. ಮಣ್ಣು ಮಾಡುವಾಗಲಾದರೂ ನಿಜ ಇರಲಿ."

ಆ ಲಿಪಿ ಏರ್‌ಪೋರ್ಟಿನಲ್ಲಿ ಯಾರಿಗೆ ಓದಲು ಬರುತ್ತದೆ ಎಂಬ ಧೈರ್ಯದಲ್ಲಿ ಆ ಮೆಸೇಜ್ ತರಿಸಿಕೊಂಡು ಹುಟ್ಟಿದ ವರ್ಷದ ಜಾಗಕ್ಕೆ ಕಾಪಿ ಮಾಡಿ ಹಾಕಿದೆ. ಅಂಕಿ ಮಾತ್ರ ಹಾಕಿ ಎಂದು ಪರದೆಯಲ್ಲಿ ಕೆಂಪಕ್ಷರ ಬಂತು. ಮತ್ತೆ ಹಾಕಿದೆ. ಮತ್ತೆ ಅದೇ. ಸಿಟ್ಟಿಗೆ ಕನ್ನಡದಲ್ಲಿ ಯಾವುದೋ ಒಂದು ವರ್ಷ, ೨೦೦೧, ಒತ್ತಿದೆ, ತೆಪ್ಪಗೆ ತೆಗೆದುಕೊಂಡಿತು. ಅರಬಿ ಅಂಕಿಗಳನ್ನೂ ತೆಗೆದುಕೊಂಡಿತು. ಆದರೆ ಅವುಗಳಲ್ಲಿ ನಿಜ ವರ್ಷ ಹಾಕಿದರೆ ಏರ್‌ಪೋರ್ಟಿನಲ್ಲಿ ಯಾರಾದರೂ ಓದಿ ಪಾಸ್‌ಪೋರ್ಟಿಗೆ ಹೋಲಿಸಿಯಾರು. ಈ ಹುಡುಗಿಯ ಅಂಕಿಗಳು ಮಾತ್ರ ಅದರ ಪ್ರಕಾರ ಅಂಕಿಗಳೇ ಅಲ್ಲ.

ಹಿಂದಿನಿಂದ ಮ್ಯಾನೇಜರ್ ಹಮೀದ್ ಭಾಯ್ ಇಣುಕಿದರು. "ಪಾಸ್‌ಪೋರ್ಟಿನಲ್ಲಿ ಇದ್ದದ್ದು ಹಾಕು ಮಾರಾಯ. ಇಲ್ಲದಿದ್ದರೆ ಪೆಟ್ಟಿಗೆ ಇಲ್ಲೇ ಉಳಿಯುತ್ತದೆ. ಖಲಾಸ್."

ಅಕ್ಕ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡಳು.

ಪಾಸ್‌ಪೋರ್ಟಿನ ವರ್ಷ ಒತ್ತಿದೆ. ಸತ್ತ ಹುಡುಗಿಗೆ ಒಂಬತ್ತು ವರ್ಷ ಹೆಚ್ಚಾಯಿತು. ಆ ಸುಳ್ಳಿಗೆ ಕಂಪ್ಯೂಟರ್ ಚಕಾರ ಎತ್ತಲಿಲ್ಲ. ಹಸಿರು ಅಕ್ಷರದಲ್ಲಿ ಥ್ಯಾಂಕ್ ಯೂ ಬೇರೆ ಹೇಳಿತು.