ಮೆಟ್ಟಿಲು ಇಳಿಯದವನು

ನಾವಿಬ್ಬರೂ ಲಿಫ್ಟ್ ರಿಪೇರಿಯವರು. ಅವನಿಗೆ ಒಂಟೆ ಎಂದು ಹೆಸರಿಟ್ಟವನು ನಾನೇ. ಕತ್ತು ಉದ್ದ, ಕಾಲು ಅದಕ್ಕಿಂತ ಉದ್ದ, ಬೆಳಗ್ಗೆ ಒಂದು ಲೋಟ ಚಹಾ ಕುಡಿದು ಸಂಜೆಯವರೆಗೂ ದಣಿವೆನ್ನದೆ ದುಡಿಯುವ ಆಸಾಮಿ. ಹತ್ತೊಂಬತ್ತು ವರ್ಷ ಜೋಡಿಯಾಗಿ ಕೆಲಸ ಮಾಡಿದೆವು. ಕಟ್ಟಡದ ನೆತ್ತಿಯ ಮೋಟಾರ್ ಕೋಣೆಯಲ್ಲಿ ಅವನು, ನೆಲದಡಿಯ ಗುಂಡಿಯಲ್ಲಿ ನಾನು. ನಡುವೆ ಉಕ್ಕಿನ ಹಗ್ಗ, ಎರಡು ವಾಕಿಟಾಕಿ. ನಾನು "ನಿಲ್ಸು" ಅಂದ ಕ್ಷಣ ಅವನ ಕೈ ಸ್ವಿಚ್ಚಿನ ಮೇಲಿರಬೇಕು. ಇರುತ್ತಿತ್ತು. ಒಮ್ಮೆ ತಡಮಾಡಿದ್ದರೂ ಇವತ್ತು ಅವನ ಬಗ್ಗೆ ಬರೆಯಲು ನಾನಿರುತ್ತಿರಲಿಲ್ಲ.

ಅವನ ಬಗ್ಗೆ ಒಳ್ಳೆಯ ಮಾತು ಆಡುವುದು ಸುಲಭ. ಅದಕ್ಕೇ ನನಗೆ ಸಿಟ್ಟು ಬರುತ್ತದೆ. ಯಾರ ಸ್ಪ್ಯಾನರ್ ತೆಗೆದುಕೊಂಡರೂ ಒರೆಸಿ ಕೊಡುತ್ತಿದ್ದ. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಮುದುಕಿಯರನ್ನು ಹೊರಗೆ ತೆಗೆದು, ಅವರ ಚೀಲ ಹೊತ್ತು ಮನೆ ಸೇರಿಸುತ್ತಿದ್ದ. ಊಟದ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಅರ್ಧ ನನ್ನ ಕಡೆ ತಳ್ಳುತ್ತಿದ್ದ. ಬೇಕೋ ಬೇಡವೋ ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ಇಂಥವನ ಪಕ್ಕದಲ್ಲಿ ಅಷ್ಟು ವರ್ಷ ನಿಂತರೆ ಯಾರಾದರೂ ಸಣ್ಣವರಾಗಿಯೇ ಕಾಣುತ್ತಾರೆ. ನಾನಂತೂ ಮೊದಲೇ ಕುಳ್ಳ.

ಕಂಪನಿಗೆ ಹೊಸ ಮ್ಯಾನೇಜರ್ ಬಂದರು. ಮೂವತ್ತೆಂಟರ ವಯಸ್ಸು, ಹೊಟ್ಟೆ ಎಂಬುದೇ ಇಲ್ಲ, ಕೈಯಲ್ಲಿ ನಾಡಿ ಎಣಿಸುವ ಗಡಿಯಾರ. ಜೋಡಿ ಕೆಲಸ ಇನ್ನು ಬೇಡ, ಹೊಸ ಯಂತ್ರಗಳಿಗೆ ಒಬ್ಬ ಸಾಕು ಎಂದರು. ಹಳಬರೆಂದು ಉಳಿದಿದ್ದವರು ನಾವಿಬ್ಬರೇ. ಒಬ್ಬನಿಗೆ ಮೇಲ್ವಿಚಾರಕನ ಕೆಲಸ. ಊರೆಲ್ಲ ತಿರುಗಿ ಲಿಫ್ಟ್ ನೋಡಿಕೊಂಡಿರಬಹುದು. ಇನ್ನೊಬ್ಬ ಆಫೀಸಿನ ಮೂಲೆಯಲ್ಲಿ ಕೂತು, ಕಿವಿಗೆ ಫೋನ್ ಸಿಕ್ಕಿಸಿಕೊಂಡು, ದೂರು ಬರೆದುಕೊಳ್ಳಬೇಕು.

ಆ ಮ್ಯಾನೇಜರಿಗೆ ಟ್ರಯಥ್ಲಾನ್ ಹುಚ್ಚು. ಒಂದೇ ದಿನ ಈಜಿ, ಸೈಕಲ್ ಹೊಡೆದು, ಅದರ ಮೇಲೆ ಓಡುವ ಸ್ಪರ್ಧೆ ಅದು. ಮುಂದಿನ ವರ್ಷದ್ದು ಬೆಟ್ಟದ ದಾರಿಯಲ್ಲಿತ್ತು. ಕೆರೆಯಲ್ಲಿ ಎರಡು ಕಿಲೋಮೀಟರ್ ಈಜು, ತೊಂಬತ್ತು ಕಿಲೋಮೀಟರ್ ಸೈಕಲ್, ಇಪ್ಪತ್ತು ಕಿಲೋಮೀಟರ್ ಓಟ, ಎಲ್ಲ ಸೇರಿ ಎಂಟೂವರೆ ಗಂಟೆಯೊಳಗೆ. ಮೀಟಿಂಗಿನಲ್ಲಿ ಅವರು ಬಾಯಿಬಿಟ್ಟೇ ಹೇಳಿದರು. "ನನಗೆ ವಯಸ್ಸು ಮುಖ್ಯ ಅಲ್ಲ, ಛಲ ಮುಖ್ಯ. ನಿಮ್ಮಿಬ್ಬರಲ್ಲಿ ಯಾರು ಇದನ್ನ ಮುಗಿಸ್ತೀರೋ ಆ ಕೆಲಸ ಅವರದ್ದು. ಇಬ್ಬರೂ ಮುಗಿಸದಿದ್ರೆ ಮುಂದಿಂದು ನಾನೇ ನೋಡ್ತೀನಿ."

ನಾನು ನಕ್ಕುಬಿಟ್ಟೆ. ನೀರು ಕಂಡರೆ ನನಗೆ ಕೈಕಾಲು ನಡುಗುತ್ತದೆ, ಸೊಂಟ ಹಿಡಿದುಕೊಂಡು ಹತ್ತು ವರ್ಷವಾಯಿತು. ಒಂಟೆ ನಗಲಿಲ್ಲ. ಅವನಿಗಾಗ ನಲವತ್ತೇಳು. ಹೊರಗೆ ಬಂದ ಮೇಲೆ, "ಫೋನ್ ಹಿಡ್ಕೊಂಡು ಕೂತ್ರೆ ನಾನು ಸತ್ತೇ ಹೋಗ್ತೀನಿ ಕಣೋ" ಅಂದ. "ನೀನು ಹೇಗೂ ಸೊಂಟ ನೋವು, ಕೂತು ಮಾಡೋ ಕೆಲಸ ಸಿಕ್ರೆ ಸಾಕು ಅಂತಿರ್ತೀಯಲ್ಲ. ನಿನಗೇನೂ ಬೇಜಾರಿಲ್ಲ ತಾನೆ?"

"ನನಗ್ಯಾಕೆ ಬೇಜಾರು? ಹೋಗು, ಮಾಡು" ಅಂದೆ.

ಬಾಯಲ್ಲಿ ಬಂದದ್ದು ಅದು, ಹೊಟ್ಟೆಯಲ್ಲಿದ್ದದ್ದು ಬೇರೆ. ದಿನಾ ಸೊಂಟ ನೋವೆಂದು ಗೊಣಗುವವನಿಗೂ ಮೂಲೆಯ ಕುರ್ಚಿ ಬೇಕಿರಲಿಲ್ಲ. ಅಷ್ಟು ವರ್ಷ ಜೊತೆಗಿದ್ದವನಿಗೆ ಅಷ್ಟೂ ಗೊತ್ತಾಗಲಿಲ್ಲವಲ್ಲ ಎಂದು ಚುಚ್ಚಿತು.

ಮುಂದಿನ ಹನ್ನೊಂದು ತಿಂಗಳು ಅವನದು ನಾಯಿಪಾಡು. ಈಜುಕೊಳದಲ್ಲಿ ಬೆಳಗಿನ ಪಾಠಕ್ಕೆ ಸೇರಿದ. ಜೊತೆಗಿದ್ದವರೆಲ್ಲ ಮಂಡಿನೋವಿಗೆಂದು ಬಂದ ಹೆಂಗಸರು. ಮೊದಲ ವಾರ ಕೊಳದ ಅರ್ಧ ನೀರು ಇವನ ಹೊಟ್ಟೆ ಸೇರಿತು. ಅವನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಅವರಿಗೆ ಕೆಲಸ. "ಹಗಲೆಲ್ಲ ಆಸ್ಪತ್ರೆ ಬಟ್ಟೆ ಒಗ್ದು ಮನೆಗೆ ಬಂದ್ರೆ ಇಲ್ಲೂ ಒದ್ದೆ ಟವೆಲ್ಲೇ. ಈ ವಯಸ್ಸಲ್ಲಿ ಮೀನಾಗೋಕೆ ಹೊರಟಿದ್ದಾರೆ ನಿಮ್ಮಣ್ಣ, ಸ್ವಲ್ಪ ಬುದ್ಧಿ ಹೇಳಿ" ಎಂದು ನನ್ನ ಹತ್ತಿರ ದೂರುತ್ತಿದ್ದರು. ದೂರುತ್ತಲೇ ಅವನಿಗೆ ಎರಡು ಮೊಟ್ಟೆ ಹೆಚ್ಚಿಗೆ ಬೇಯಿಸುತ್ತಿದ್ದರು. ಅವನು ಹಳೆಯ ಸೈಕಲ್ಲೊಂದನ್ನು ತಂದು, ಪೂರ್ತಿ ಬಿಚ್ಚಿ, ತಾನೇ ಮತ್ತೆ ಜೋಡಿಸಿದ. ಭಾನುವಾರ ಹೆದ್ದಾರಿಯಲ್ಲಿ ತೊಂಬತ್ತು ಕಿಲೋಮೀಟರ್ ಹೊಡೆದು, ಸೋಮವಾರ ಕುಂಡೆ ಊರಲಾಗದೆ ನಿಂತೇ ಊಟ ಮಾಡುತ್ತಿದ್ದ.

ಆದರೆ ನಮ್ಮ ಊರು ಅಂಗೈಯಂತೆ ಸಪಾಟು. ಬೆಟ್ಟಕ್ಕೆ ಎಲ್ಲಿಗೆ ಹೋಗಲಿ ಎಂದು ಅವನು ತಲೆ ಕೆರೆದುಕೊಂಡಾಗ ಉಪಾಯ ಹೇಳಿದವನು ನಾನೇ. ನಾವು ನೋಡಿಕೊಳ್ಳುತ್ತಿದ್ದ ಇಪ್ಪತ್ತೆರಡು ಮಹಡಿಯ ವಸತಿ ಕಟ್ಟಡವೊಂದಿತ್ತು. ಸಂಜೆ ಕೆಲಸ ಮುಗಿದ ಮೇಲೆ ಅವನು ಮೆಟ್ಟಿಲಲ್ಲಿ ಓಡಿ ಮೇಲೆ ಹೋಗುತ್ತಿದ್ದ. ನಾನು ಸಾಮಾನು ಸಾಗಿಸುವ ಲಿಫ್ಟನ್ನು ಕೊನೆಯ ಮಹಡಿಗೆ ಒಯ್ದು, ಬಾಗಿಲು ತೆರೆದು ಕಾಯುತ್ತಿದ್ದೆ. ಏದುಸಿರು ಬಿಡುತ್ತ ಬಂದು ಒಳಗೆ ಬೀಳುತ್ತಿದ್ದ. ಕೆಳಗಿಳಿಸುತ್ತಿದ್ದೆ. ಮತ್ತೆ ಓಡುತ್ತಿದ್ದ. ಮೊದಲು ನಾಲ್ಕು ಸಲ, ಆಮೇಲೆ ಏಳು, ಕೊನೆಕೊನೆಗೆ ಹನ್ನೆರಡು.

ನಡೆದು ಇಳಿಯಬೇಕೆಂದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಬೇರೆ ಯಾರಿಗಾದರೂ ಹೊಳೆಯುತ್ತಿತ್ತು. ಲಿಫ್ಟಿನವನು ಮೆಟ್ಟಿಲು ಹತ್ತುವುದು ಲಿಫ್ಟ್ ಕೆಟ್ಟು ನಿಂತಾಗ. ಇಳಿಯುವ ಹೊತ್ತಿಗೆ ಅದನ್ನು ಸರಿಮಾಡಿರುತ್ತಾನೆ. ಅದರಲ್ಲೇ ಇಳಿದು ತೋರಿಸಿದರೆ ಮಾತ್ರ ಕೆಲಸ ಮುಗಿದಂತೆ. ನಡೆದುಕೊಂಡು ಇಳಿದು ಬಂದರೆ ರಿಪೇರಿ ಆಗಲಿಲ್ಲ ಎಂದರ್ಥ, ಕಟ್ಟಡದವರೆದುರು ಮರ್ಯಾದೆ ಹೋದಂತೆ. ಅಷ್ಟು ವರ್ಷಗಳಲ್ಲಿ ಒಂಟೆ ಮೆಟ್ಟಿಲು ಇಳಿದದ್ದನ್ನು ನಾನು ನೋಡಿಲ್ಲ.

ಸ್ಪರ್ಧೆಗೆ ಹತ್ತು ವಾರ ಇದ್ದಾಗ, ಅದೇ ಕಟ್ಟಡದ ಹದಿನಾಲ್ಕನೇ ಮಹಡಿಯಲ್ಲಿದ್ದ ಫಿಸಿಯೋಥೆರಪಿ ಡಾಕ್ಟರಮ್ಮ ನನ್ನ ಲಿಫ್ಟ್ ಹತ್ತಿದರು. ಒಂಟೆ ಆಗ ಮೆಟ್ಟಿಲ ಮೇಲಿದ್ದ.

"ನಿಮ್ಮ ಜೊತೆಯವರು ಬೆಟ್ಟದಲ್ಲಿ ಓಡ್ತಾರಂತಲ್ಲ. ಇಳಿಯೋ ಅಭ್ಯಾಸ ಮಾಡ್ತಿಲ್ವಾ?" ಎಂದರು.

"ಇಳಿಯೋದೇನು ಮೇಡಂ, ಕಾಲು ತಾನಾಗೇ ಇಳಿಯುತ್ತೆ."

"ಕಷ್ಟ ಇರೋದೇ ಅಲ್ಲಿ. ಹತ್ತೋವಾಗ ಉಸಿರು ಹೋಗುತ್ತೆ, ಇಳಿಯೋವಾಗ ತೊಡೆ ಹೋಗುತ್ತೆ. ರೂಢಿ ಇಲ್ಲದವರಿಗೆ ಅರ್ಧ ದಾರೀಲಿ ಕಾಲೇ ನಿಲ್ಲಲ್ಲ. ವಾರಕ್ಕೆ ಎರಡು ದಿನ ಮೆಟ್ಟಿಲಲ್ಲೇ ಇಳಿಯೋಕೆ ಹೇಳಿ. ಇನ್ನೂ ಟೈಮಿದೆ. ಮರೀದೆ ಹೇಳಿ."

ಹೇಳುತ್ತೇನೆ ಎಂದೆ. ಅವರನ್ನು ಅವರ ಮಹಡಿಯಲ್ಲಿ ಬಿಟ್ಟು ಮೇಲೆ ಹೋದೆ. ಒಂಟೆ ಬಂದು ಒಳಗೆ ಕುಸಿದ. "ಯಾಕೋ ಮುಖ ಹೀಗಿದೆ?" ಎಂದು ಕೇಳಿದ. ಏನಿಲ್ಲ ಎಂದು ಬಟನ್ ಒತ್ತಿದೆ.

ಮರೆತುಹೋಯಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಶುದ್ಧ ಸುಳ್ಳು. ಹತ್ತು ವಾರ, ಅವನು ಲಿಫ್ಟಿನೊಳಗೆ ಬಂದಾಗಲೆಲ್ಲ ಆ ಮಾತು ಗಂಟಲವರೆಗೆ ಬರುತ್ತಿತ್ತು. ನುಂಗುತ್ತಿದ್ದೆ. ನಾನೇನು ಅವನ ಕಾಲು ಮುರಿದೆನೆ, ಸೈಕಲ್ಲಿನ ಬ್ರೇಕ್ ಬಿಚ್ಚಿದೆನೆ, ಸುಮ್ಮನಿದ್ದೆ ಅಷ್ಟೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಸುಮ್ಮನಿರುವುದು ಎಷ್ಟು ದೊಡ್ಡ ದುಡಿಮೆ ಎಂದು ನನ್ನನ್ನು ಕೇಳಬೇಕು.

ಸ್ಪರ್ಧೆಯ ದಿನ ಅತ್ತಿಗೆಯೂ ನಾನೂ ಹೋಗಿದ್ದೆವು. ಕೆರೆಯಿಂದ ಅವನು ಕಡೆಯ ಗುಂಪಿನಲ್ಲಿ ಎದ್ದ. ಅತ್ತಿಗೆ ಅಷ್ಟಕ್ಕೇ ಅತ್ತುಬಿಟ್ಟರು. ಸೈಕಲ್ಲಿನಲ್ಲಿ ಒಂದೊಂದು ಏರಿಗೂ ತನಗಿಂತ ಇಪ್ಪತ್ತು ವರ್ಷ ಚಿಕ್ಕವರನ್ನು ಹಿಂದೆ ಹಾಕಿದ. ಓಟ ಶುರುವಾದಾಗ ಅವನ ಕೈಯಲ್ಲಿ ಇನ್ನೂ ಮೂರು ಗಂಟೆ ಹತ್ತು ನಿಮಿಷ ಇತ್ತು. ನಡೆದರೂ ಹೆಚ್ಚುಕಡಿಮೆ ಮುಗಿಯುವಷ್ಟು. ದಾರಿ ಎರಡು ಸುತ್ತು: ಬೆಟ್ಟದ ಮೇಲಿಂದ ಕಣಿವೆಗೆ ಐದು ಕಿಲೋಮೀಟರ್ ಇಳಿತ, ಮತ್ತೆ ಅಷ್ಟೇ ಏರು. ಮೊದಲ ಸುತ್ತನ್ನು ಅವನು ನಗುನಗುತ್ತಲೇ ಮುಗಿಸಿದ. ಈ ಡಾಕ್ಟರಮ್ಮ ಸುಮ್ಮನೆ ಹೆದರಿಸಿದ್ದಾಳೆ ಎಂದುಕೊಂಡೆ. ಎದೆ ಮೇಲಿನ ಕಲ್ಲು ಇಳಿದಂತಾಯಿತು, ಅದರ ಬೆನ್ನಿಗೇ ಹೊಟ್ಟೆ ಉರಿಯಿತು. ಎರಡೂ ನಿಜ.

ಎರಡನೇ ಸುತ್ತಿನಲ್ಲಿ ನಾನು ಕಾಲುದಾರಿ ಹಿಡಿದು ಇಳಿದು, ಒಂದು ತಿರುವಿನಲ್ಲಿ ನಿಂತಿದ್ದೆ. ಬಹಳ ಹೊತ್ತು ಅವನ ಸುಳಿವಿಲ್ಲ. ಕೊನೆಗೆ ಕಂಡ. ಹಿಮ್ಮುಖವಾಗಿ ಇಳಿಯುತ್ತಿದ್ದ. ಮುಖ ಬೆಟ್ಟದ ಕಡೆ, ಬೆನ್ನು ಕಣಿವೆಯ ಕಡೆ, ಒಂದು ಕೈ ರಸ್ತೆಯಂಚಿನ ಕಟ್ಟೆ ಹಿಡಿದು, ಒಂದೊಂದೇ ಹೆಜ್ಜೆ.

"ಮುಂದೆ ನೋಡ್ಕೊಂಡು ಕಾಲಿಟ್ರೆ ಕುಸಿದುಹೋಗ್ತೀನಿ ಕಣೋ. ತೊಡೆ ಹಿಡೀತಾನೇ ಇಲ್ಲ" ಅಂದ. ತುಟಿ ಬೆಳ್ಳಗಾಗಿತ್ತು. "ಹತ್ತೋವಾಗ ಏನೂ ಆಗ್ಲಿಲ್ಲ. ಇಳಿಯೋಕೆ ಯಾಕೋ ಹೀಗೆ?"

"ಗೊತ್ತಿಲ್ಲ" ಅಂದೆ.

ಐದು ಕಿಲೋಮೀಟರನ್ನು ಹಾಗೆ ಹಿಂದಕ್ಕೆ ನಡೆದೇ ಇಳಿದ. ತಿರುಗಿ ಹತ್ತುವಾಗ ಮತ್ತೆ ಓಡಿದ, ಅದೂ ಎಂಥ ಓಟ! ಇಪ್ಪತ್ತಾರು ನಿಮಿಷ ತಡವಾಗಿತ್ತು. ಅವನು ಮುಟ್ಟಿದಾಗ ಓಟದ ಕೊನೆಗೆ ನಿಲ್ಲಿಸಿದ್ದ ಗಾಳಿ ತುಂಬಿದ ಕಮಾನನ್ನು ಇಳಿಸಿ ಮಡಚುತ್ತಿದ್ದರು. ಅದನ್ನು ದಾಟಲು ಕಾಲೆತ್ತಲಾರದೆ ಸುತ್ತಿಕೊಂಡು ಬಂದ. ಮ್ಯಾನೇಜರ್ ಆಗಲೇ ಸ್ನಾನ ಮಾಡಿ, ಕೊರಳಿಗೆ ಪದಕ ಹಾಕಿಕೊಂಡು ನಿಂತಿದ್ದರು. "ಒಳ್ಳೆ ಪ್ರಯತ್ನ" ಎಂದು ಭುಜ ತಟ್ಟಿದರು.

ಮೇಲ್ವಿಚಾರಕನ ಕೆಲಸ ನನಗೆ ಬಂತು. ಇವನ ಕಾಲು ಇನ್ನು ನಂಬುವ ಹಾಗಿಲ್ಲ ಎಂಬುದು ಮ್ಯಾನೇಜರ್ ಕೊಟ್ಟ ಕಾರಣ. ಒಂಟೆ ಮೂಲೆಯ ಕುರ್ಚಿ ಹಿಡಿದ. ಆ ಉದ್ದ ಕಾಲುಗಳಿಗೆ ಮೇಜಿನಡಿ ಜಾಗ ಸಾಲದೆ ಪಕ್ಕಕ್ಕೆ ಚಾಚಿಕೊಂಡು ಕೂರುತ್ತಾನೆ. ಹೋಗಿಬರುವವರು ಎಡವಿ ಬೈಯುತ್ತಾರೆ. "ಗಾಬರಿ ಆಗ್ಬೇಡಿ, ನಮ್ಮವರು ಹೊರಟಿದ್ದಾರೆ" ಎಂದು ದಿನವಿಡೀ ಯಾರಿಗೋ ಧೈರ್ಯ ಹೇಳುತ್ತಾನೆ. ಆ ನಮ್ಮವರು ನಾನು. ಚಹಾದ ಹೊತ್ತಿಗೆ ಹೊಸಬರು ಯಾರಾದರೂ ಸಿಕ್ಕಿದರೆ ನನ್ನನ್ನು ತೋರಿಸಿ, "ಹನ್ನೊಂದು ತಿಂಗಳು ಒಂದು ಸಂಜೆನೂ ತಪ್ಪಿಸ್ದೆ ನನಗೋಸ್ಕರ ನಿಂತ. ಒಡಹುಟ್ಟಿದವರೂ ಹಾಗೆ ಮಾಡಲ್ಲ" ಎನ್ನುತ್ತಿದ್ದ. ಆ ಹೊಗಳಿಕೆ ಕೇಳಿ ಕೇಳಿ ನನಗೆ ಚಹಾ ಸೇರದಾಯಿತು.

ನಾಲ್ಕು ತಿಂಗಳು ತಡೆದುಕೊಂಡೆ. ಒಂದು ಭಾನುವಾರ ಬೆಳಗ್ಗೆ ಅವನ ಮನೆಗೆ ಹೋದೆ. ಆಫೀಸಿನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಅತ್ತಿಗೆ ಅಡುಗೆಮನೆಯಲ್ಲಿದ್ದರು. ಡಾಕ್ಟರಮ್ಮ ಹೇಳಿದ್ದು, ನಾನು ನುಂಗಿದ್ದು, ತಿರುವಿನಲ್ಲಿ ಗೊತ್ತಿಲ್ಲ ಅಂದದ್ದು, ಯಾಕೆ ಹಾಗೆ ಮಾಡಿದೆ ಎಂಬುದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದೆ. ನಿಜ ಹೇಳಬೇಕೆಂದರೆ ಆಗಲೇ ನನಗೆ ಹಗುರವಾಗತೊಡಗಿತ್ತು.

ಅವನು ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದ. ಅಂಗಿಯ ತೋಳು ನೇರ ಮಾಡಿದ.

"ಕೆಲಸ ಹೋಯ್ತು, ಹೋಗ್ಲಿ. ಮುಗಿಸೋಕಾಗ್ಲಿಲ್ಲ, ಅದೂ ಹೋಗ್ಲಿ" ಅಂದ, ಒಳಗೆ ಕೇಳಿಸದ ಹಾಗೆ. "ಆ ಸಂಜೆಗಳು ಇದ್ವಲ್ಲ, ಇನ್ನು ಸಾಯೋವರೆಗೂ ನೆನೆಸ್ಕೊಳ್ಳೋಕೆ ಅಷ್ಟು ಸಾಕು ಅಂತಿದ್ದೆ. ಅದನ್ನೂ ಕಿತ್ಕೊಂಡು ಹೋಗೋಕೆ ಬಂದ್ಯಾ? ನಿನ್ನ ಹೊಟ್ಟೆ ಹಗುರ ಮಾಡ್ಕೊಳ್ಳೋಕೆ ಬಂದ್ಯಾ? ಮುಚ್ಕೊಂಡು ಇರಬಾರದಿತ್ತೇನೋ ನೀನು?"

ಅತ್ತಿಗೆ ಎರಡು ಲೋಟ ಚಹಾ ತಂದಿಟ್ಟು, ಅಪರೂಪವಾಗಿಬಿಟ್ರಲ್ಲ ಎಂದು ನನ್ನನ್ನು ಆಡಿಕೊಂಡು ಒಳಗೆ ಹೋದರು. ಅವನು ಮತ್ತೆ ಸ್ವಿಚ್ ಹಾಕಿ ಇನ್ನೊಂದು ಅಂಗಿ ತೆಗೆದುಕೊಂಡ.