ಅರ್ಮಾಂಡ್ ನಿಲ್ಲಿಸದ ಇಂಜಿನ್

ಬ್ಯಾಸ್ಕೆಟ್‌ಬಾಲ್ ತಂಡವನ್ನು ಬೇರೆ ಊರಿಗೆ ಕರೆದೊಯ್ಯುವ ಬಸ್ ಚಾಲಕನಿಗೆ ನಮ್ಮ ಕಡೆ ಒಂದು ಮರ್ಯಾದೆ ಇದೆ. ಆಟಗಾರರ ಬೆಂಚಿನ ಹಿಂದೆಯೇ ಅವನಿಗೊಂದು ಕುರ್ಚಿ, ಜೊತೆಗೆ ಪುಕ್ಕಟೆ ಒಂದು ಕೆಂಪು ಹಾಟ್‌ಡಾಗ್. ಅರ್ಮಾಂಡ್ ಲವಾಸರ್ ಎರಡನ್ನೂ ಮುಟ್ಟುತ್ತಿರಲಿಲ್ಲ. ಮಕ್ಕಳನ್ನು ಇಳಿಸಿ, ಹಿಮ ಬಿದ್ದ ಅಂಗಳದಲ್ಲಿ ಬಸ್ಸು ನಿಲ್ಲಿಸಿ, ಇಂಜಿನ್ ಮಾತ್ರ ನಿಲ್ಲಿಸದೆ, ಆಟ ಮುಗಿಯುವವರೆಗೂ ಸ್ಟೀರಿಂಗ್ ಹಿಡಿದು ಕೂತಿರುತ್ತಿದ್ದ. ಕೇಳಿದರೆ ಡೀಸೆಲ್ ಹೆಪ್ಪುಗಟ್ಟುತ್ತೆ ಅನ್ನುತ್ತಿದ್ದ. ಅಮೆರಿಕದ ಈ ತುದಿಯ, ಉತ್ತರ ಮೇನ್‌ನ ಚಳಿಗೆ ಅದು ಸುಳ್ಳೇನಲ್ಲ. ಆದರೆ ಬೆಚ್ಚಗಿನ ದಿನಗಳಲ್ಲೂ ಅವನ ಇಂಜಿನ್ ಗುರುಗುಡುತ್ತಲೇ ಇರುತ್ತಿತ್ತು. ದೂರದ ದಾರಿಗೆ ಅವನೊಂದಿಗೆ ಸರದಿಯ ಮೇಲೆ ಬಸ್ಸು ಓಡಿಸುವವಳು ನಾನು, ಡೋರಿನ್. ಒಂದೇ ತರಗತಿಯಲ್ಲಿ ಕೂತು ಓದಿದವರು ನಾವು. ನನ್ನ ಹತ್ತಿರ ಡೀಸೆಲ್ ಕಥೆ ನಡೆಯುವುದಿಲ್ಲ.

ಮಗ ರೆಮಿ ಆಡುತ್ತಿದ್ದಾಗ ಇದೇ ಅರ್ಮಾಂಡ್ ಆ ಕುರ್ಚಿಯಲ್ಲಿ ಕೂತದ್ದಕ್ಕಿಂತ ಎದ್ದು ನಿಂತು ರೆಫರಿಗಳನ್ನು ಬೈದದ್ದೇ ಹೆಚ್ಚು. ರೆಮಿ ಗಿಡ್ಡ. ಆದರೆ ಚೆಂಡನ್ನು ಯಾರ ಕೈಗೆ ಯಾವಾಗ ಕೊಡಬೇಕೆಂದು ಅವನಿಗೆ ಗೊತ್ತಿತ್ತು. ಹೈಸ್ಕೂಲು ಮುಗಿಯುವ ಹೊತ್ತಿಗೆ ನ್ಯೂ ಹ್ಯಾಂಪ್‌ಶೈರ್‌ನ ಒಂದು ಪ್ರೆಪ್ ಶಾಲೆಯ ಕೋಚ್ ಬಂದು ಅರ್ಮಾಂಡನ ಅಡುಗೆಮನೆಯಲ್ಲಿ ಕೂತು, ಪ್ಲೋಯ್ ದೋಸೆಗೆ ಕಾಕಂಬಿ ಸುರಿದುಕೊಂಡು ತಿನ್ನುತ್ತಾ ಹೇಳಿದ: "ಹುಡುಗ ಇನ್ನೂ ಎಳಸು. ಕಾಲೇಜಿಗೆ ಮುಂಚೆ ಒಂದು ವರ್ಷ ನಮ್ಮಲ್ಲಿರ್ಲಿ. ಮೈ ತುಂಬ್ಕೊಳ್ತಾನೆ, ಗಣಿತದ ಅಂಕವೂ ಏರುತ್ತೆ. ದೊಡ್ಡ ಕಾಲೇಜಿನ ಕೋಚುಗಳು ನಿಮ್ಮೂರಿನ ಹಿಮ ತುಳ್ಕೊಂಡು ಬರಲ್ಲ. ನಮ್ಮ ಜಿಮ್‌ನಲ್ಲಿ ಬಂದು ಕೂತಿರ್ತಾರೆ."

ಊರಿನ ಆಲೂಗಡ್ಡೆ ಗೋದಾಮಿನಲ್ಲಿ ಕೆಲಸ ಮಾಡುವವರು ಅರ್ಮಾಂಡನನ್ನು ಸುಮ್ಮನೆ ಬಿಡಲಿಲ್ಲ. "ಪಾಸಾದ ಕ್ಲಾಸನ್ನೇ ಮತ್ತೆ ಓದೋಕೆ ಹೋಗೋನು ನಿನ್ನ ಮಗ ಒಬ್ನೇ ಕಣೋ" ಎಂದು ಕಾಡಿದರು. "ಟಿವೀಲಿ ಅವನನ್ನ ನೋಡೋವಾಗ ಹೇಳಿ, ಆಗ ಕೇಳ್ತೀನಿ" ಎಂದ ಅವನು. ಎದೆ ಉಬ್ಬಿಸಿಕೊಂಡೇ ಓಡಾಡಿದ.

ಪ್ರೆಪ್ ಶಾಲೆಯಲ್ಲಿ ರೆಮಿಗಿಂತ ಒಂದು ತಲೆ ಎತ್ತರದ ಹುಡುಗರು ಅವನದೇ ಜಾಗಕ್ಕೆ ಕಾದಿದ್ದರು. ಅರ್ಧ ವರ್ಷ ಆಡಲು ಸಿಗದೆ ಬೆಂಚಿನಲ್ಲೇ ಕೂತ. ಜನವರಿಯಲ್ಲಿ ಅಭ್ಯಾಸದ ವೇಳೆ ಮಂಡಿಯ ಲಿಗಮೆಂಟ್ ಹರಿಯಿತು. ಯಾವ ಕೋಚೂ ಕರೆಯಲಿಲ್ಲ. ಊರಿಗೆ ವಾಪಸು ಬಂದು ಗ್ಯಾಸ್ ಲಾರಿ ಓಡಿಸತೊಡಗಿದ, ಮದುವೆಯಾದ. ಅಪ್ಪ ಆಟ ನೋಡುವುದನ್ನು ಬಿಟ್ಟದ್ದು ಆ ಚಳಿಗಾಲದಿಂದ. ಮಗನ ದುಃಖಕ್ಕೆ ಹೀಗಾದ ಪಾಪ, ಎಂದುಕೊಂಡೆವು ನಾವೆಲ್ಲ.

ಹೆಂಡತಿ ತೀರಿಕೊಂಡ ಮೇಲೆ ಅರ್ಮಾಂಡ್ ಭಾನುವಾರದ ಊಟಕ್ಕೆ ಮಗನ ಮನೆಯವರನ್ನೂ ನನ್ನನ್ನೂ ಕರೆಯುತ್ತಾನೆ. ಕಳೆದ ನವೆಂಬರ್‌ನ ಒಂದು ಭಾನುವಾರ ಮಾತೆಲ್ಲ ರೆಮಿಯ ಮಗಳು ಎಲೋಡಿಯ ಬಗ್ಗೆಯೇ. ಅವಳಿಗೆ ಇದು ಹೈಸ್ಕೂಲಿನ ಕೊನೆಯ ವರ್ಷ, ಆಟದಲ್ಲಿ ಅಪ್ಪನದೇ ಕೈಚಳಕ. ಒಂದು ಪ್ರೆಪ್ ಶಾಲೆ ಕರೆದಿತ್ತು. ಕರಾವಳಿಯ ಒಂದು ಸಣ್ಣ ಕಾಲೇಜೂ ನೇರವಾಗಿ ಕರೆದಿತ್ತು.

"ಪ್ರೆಪ್‌ಗೇ ಹೋಗ್ಲಿ" ಎಂದ ರೆಮಿ. "ಅಪ್ಪ ಕೊಡಿಸಿದ ವರ್ಷಾನ ನಾನು ಹಾಳು ಮಾಡ್ದೆ. ಒಂದು ಕಾಲೇಜಿಗಾದ್ರೂ ನಾನು ಬೇಕಾಗ್ಲಿಲ್ಲ. ಇವಳಾದ್ರೂ ಅಪ್ಪನ ಮಾನ ಉಳಿಸ್ಲಿ."

ಬೆಣ್ಣೆ ಸವರುತ್ತಿದ್ದ ಅರ್ಮಾಂಡ್ ಚಾಕು ಕೆಳಗಿಟ್ಟ.

"ಒಂದು ಕಾಲೇಜು ಕೇಳಿತ್ತು."

"ಯಾರನ್ನ?"

"ನಿನ್ನನ್ನ. ಈಗ ಎಲೋಡೀನ ಕರೆದಿರೋ ಇದೇ ಕಾಲೇಜು. ಪ್ರೆಪ್ ಕೋಚ್ ಬಂದುಹೋದ ವಾರಾನೇ ಫೋನ್ ಬಂತು. ನೀನು ಗೋದಾಮಿನ ಕೆಲಸಕ್ಕೆ ಹೋಗಿದ್ದೆ. ಸಣ್ಣ ಕಾಲೇಜು ಅಂತ ನಾನೇ ಬೇಡ ಅಂದ್ಬಿಟ್ಟೆ. ನಿನಗೆ ಹೇಳಿದ್ರೆ ಒಪ್ಕೊಂಡ್ಬಿಡ್ತೀಯ ಅಂತ ಹೇಳ್ಲೇ ಇಲ್ಲ."

ರೆಮಿ ಎದ್ದು ಕೋಟು ಹಾಕಿಕೊಂಡ. "ಎಲೋಡಿ, ಇನ್ಮೇಲೆ ಯಾರೇ ಫೋನ್ ಮಾಡ್ಲಿ, ನೀನೇ ಮಾತಾಡು. ನನ್ನನ್ನೂ ಕೇಳ್ಬೇಡ" ಎಂದು ಹೊರಟೇಬಿಟ್ಟ. ಹೆಂಡತಿ, ಮಗಳು ಅವನ ಹಿಂದೆ ಓಡಿದರು.

"ಮಂಡಿ ಹೋದ ಮೇಲಾದ್ರೂ ಹೇಳ್ಬಹುದಿತ್ತಲ್ಲೋ?" ಎಂದೆ ನಾನು.

"ಆಗ ಹೇಳೋಕೆ ಯಾವ ಮುಖ ಇತ್ತು ಡೋರಿನ್? ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತಾನೇ ಹೋಯ್ತು. ಅವನು ತನ್ನ ತಪ್ಪು ಅಂದ್ಕೊಂಡಿದಾನೆ ಅಂತ ನನಗೇನು ಗೊತ್ತು."

ನನಗೆ ಅಯ್ಯೋ ಅನಿಸಲಿಲ್ಲ. ಸಿಟ್ಟು ಬಂತು. ಪಾತ್ರೆ ತೊಳೆಯದೆ ಮನೆಗೆ ಬಂದೆ.

ಆಮೇಲಿನ ಭಾನುವಾರಗಳಲ್ಲಿ ನಾವಿಬ್ಬರೇ. ಅರ್ಮಾಂಡ್ ಮಾತ್ರ ಎಲ್ಲರಿಗೂ ತಟ್ಟೆ ಇಡುತ್ತಿದ್ದ. ಎಲೋಡಿ ಇಬ್ಬರು ಕೋಚುಗಳ ಜೊತೆಗೂ ತಾನೇ ಮಾತಾಡಿ, ಭೌತಶಾಸ್ತ್ರದಲ್ಲಿ ತಾನಿನ್ನೂ ಹಿಂದು ಎಂದು ಪ್ರೆಪ್ ಶಾಲೆಯನ್ನೇ ಆಯ್ದುಕೊಂಡಳಂತೆ. ಅದನ್ನು ಅವಳು ಅಜ್ಜನಿಗೆ ಬಸ್ಸು ಹತ್ತುವಾಗ ಹೇಳಿದಳು.

ಫೆಬ್ರವರಿಯಲ್ಲಿ ಬ್ಯಾಂಗರ್‌ನಲ್ಲಿ ರಾಜ್ಯದ ಪಂದ್ಯಾವಳಿ, ಶನಿವಾರ ಮಧ್ಯಾಹ್ನದ ಆಟ. ನನಗೆ ಜ್ವರ. ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಮಲಗಿದ್ದೆ. ಇಂಜಿನ್ ಎಂದಿನಂತೆ ಗುರುಗುಡುತ್ತಿತ್ತು. ಯಾರೋ ಬಾಗಿಲು ಬಡಿದರು. ರೆಮಿ ಹತ್ತಿ ಬಂದು ಮೊದಲ ಸೀಟಿನಲ್ಲಿ ಕೂತ.

"ಒಳಗೆ ನಿನ್ನ ಮಗಳು ಆಡ್ತಿದಾಳೆ" ಎಂದ ಅರ್ಮಾಂಡ್.

"ಗೊತ್ತು." ರೆಮಿ ಕೇಳಿದ: "ಆ ಕೋಚ್ ಏನಂದ್ರು?"

"ಯಾವ ಕೋಚು?"

"ಅವತ್ತು, ಫೋನಲ್ಲಿ. ನನ್ನ ಬಗ್ಗೆ."

ಅರ್ಮಾಂಡ್ ತಿರುಗಿ ನೋಡಲಿಲ್ಲ. "'ನಿಮ್ಮ ಹುಡುಗ ಚೆಂಡು ಕೊಡೋ ರೀತಿ ನೋಡಿದೀನಿ. ಎತ್ತರದವರು ನಮ್ಮಲ್ಲಿ ಬೇಕಾದಷ್ಟಿದಾರೆ. ನಮಗೆ ಅವನೇ ಬೇಕು' ಅಂದ್ರು."

ಒಂದು ಕಡೆಯೂ ತಡವರಿಸಲಿಲ್ಲ. ಇಷ್ಟು ವರ್ಷ ಈ ಸೀಟಿನಲ್ಲಿ ಅವನಿಗೆ ಕೇಳಿಸುತ್ತಲೇ ಇದ್ದದ್ದು ಯಾವ ಮಾತೆಂದು, ಇಂಜಿನ್ ಗುರುಗುಡುತ್ತಿದ್ದದ್ದು ಅದನ್ನು ಮುಚ್ಚಲೆಂದು ನನಗೆ ಆಗ ತಿಳಿಯಿತು. ರೆಮಿ ಮುಂದಕ್ಕೆ ಬಾಗಿ ಪೆಟ್ಟಾಗಿದ್ದ ತನ್ನ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕೂಗಾಡುತ್ತಾನೇನೋ ಎಂದು ನಾನು ಕಂಬಳಿಯೊಳಗೇ ಮುದುಡಿಕೊಂಡೆ.

"ಇಂಜಿನ್ ನಿಲ್ಸು" ಎಂದ. "ನಿಲ್ಸಿ ಇನ್ನೊಂದ್ಸಲ ಹೇಳು."

ಅರ್ಮಾಂಡ್ ಕೀಲಿ ತಿರುಗಿಸಿದ. ಬಸ್ಸು ಸುಮ್ಮನಾಯಿತು. ಅವನು ಹೇಳಿದ.