ಗೋಡೆಗೆ ನಿಂತ ಬೊಂತೆ

ಬೆಳಗಿನ ಐದೂವರೆ. ಹನುಮಂತನಪಟ್ಟಿಯ ದ್ರಾಕ್ಷಿ ಚಪ್ಪರಗಳ ಕೆಳಗಿನ ಕತ್ತಲು ಇನ್ನೂ ಸರಿದಿಲ್ಲ. ಪಾಪಮ್ಮಾಳ್ ಆಗಲೇ ಜಗಲಿಯ ಮೇಲೆ ಕೌದಿ ಹರಡಿ, ಅದರ ಮೇಲೆಯೇ ಕುಳಿತು ಹೊಲಿಯುತ್ತಿದ್ದಾರೆ. ಸೂಜಿಗೆ ದಾರ ಪೋಣಿಸಲು ಅವರಿಗೆ ಬೆಳಕು ಬೇಡ, ನಾಲಿಗೆಯ ತುದಿಯಲ್ಲೇ ಅದರ ಕಣ್ಣು ಹುಡುಕುತ್ತಾರೆ. ಆದರೆ ಇಂದು ಸೂಜಿ ದಾರಿ ತಪ್ಪುತ್ತಿದೆ. ಪತ್ರಿಕೆಗೆ ಬರೆಯಲೆಂದು ಬಂದ ನಾನು ನೋಡುತ್ತಿದ್ದಂತೆಯೇ ಮೂರು ಸಲ ಬೆರಳಿಗೆ ಚುಚ್ಚಿಕೊಂಡರು.

"ತೇನಿ ಬಸ್ಸು ಆರೂಕಾಲಿಗೆ, ತಂಬಿ. ಅದು ಬರೋಗಂಟ ಕೈ ಸುಮ್ನಿದ್ರೆ ಮನಸು ಎಲ್ಲೆಲ್ಲೋ ಹೋಯ್ತದೆ" ಎನ್ನುತ್ತಾರೆ. ನನ್ನನ್ನು ತಮ್ಮ ಎನ್ನುವ ಬದಲು ತಂಬಿ ಎಂದು ಕರೆದದ್ದು ಬಿಟ್ಟರೆ ಆ ಮಾತು ನಮ್ಮ ಮೈಸೂರು ಕಡೆಯ ಹಳ್ಳಿಯದೇ. ಇವರ ಹಿರೀಕರು ಕಂಬಂ ಕಣಿವೆಗೆ ಬಂದು ಎಷ್ಟು ತಲೆಮಾರಾಯಿತೋ ಲೆಕ್ಕವಿಟ್ಟವರಿಲ್ಲ. ಸಂತೆಗೆ ತಮಿಳು, ಒಲೆಯ ಮುಂದೆ ಕನ್ನಡ.

ಪಾಪಮ್ಮಾಳ್ ಅವರಿಗೆ ಅರವತ್ತರ ಹತ್ತಿರ. ಹದಿನಾರಕ್ಕೆ ಮದುವೆಯಾಗಿ ಬಂದಾಗ ಅತ್ತೆ ಕೈಗಿತ್ತದ್ದು ಸೌಟಲ್ಲ, ಸೂಜಿ. ಹಳೆಯ ಸೀರೆ, ಪಂಚೆ, ಹರಿದ ಅಂಗಿಗಳನ್ನು ಒಗೆದು, ಚೌಕ ಕತ್ತರಿಸಿ, ನಾಲ್ಕು ಪದರ ಮಾಡಿ, ಅಂಚಿನಿಂದ ನಡುವಿನವರೆಗೆ ಸುತ್ತು ಹೊಲಿಗೆ ಹಾಕುತ್ತಾ ಬರಬೇಕು. ಒಂದು ಕೌದಿಗೆ ಇಪ್ಪತ್ತಮೂರು ದಿನ. ದಿನಕ್ಕೆ ಆರು ಗಂಟೆ. ಈಗ ಕಣ್ಣು ಮಂಜಾಗಿ ಅದು ಮೂವತ್ತು ದಿನಕ್ಕೆ ಏರಿದೆ. ಇದುವರೆಗೆ ಎಷ್ಟು ಹೊಲಿದಿರಬಹುದು ಎಂದರೆ ನಗುತ್ತಾರೆ. "ಈ ಊರಲ್ಲಿ ನನ್ ಬೊಂತೆ ಮೇಲೆ ಮಲಗದೆ ಬೆಳೆದ ಕೂಸು ಯಾವುದೈತೆ, ನೀವೇ ಹುಡುಕಿ ನೋಡಿ." ಕೌದಿಗೆ ಅವರು ಬೊಂತೆ ಎನ್ನುತ್ತಾರೆ.

ಗಂಡ ಮಾಯಾಂಡಿ ಹಾವು ಕಚ್ಚಿ ತೀರಿಕೊಂಡಾಗ ಮಗ ಮೂಕಯ್ಯನಿಗೆ ನಾಲ್ಕು ವರ್ಷ. ಊರವರು ಹಳೇ ಬಟ್ಟೆ ಕೊಟ್ಟರು, ಕೂಲಿಗೆ ಭತ್ತ ಕೊಟ್ಟರು. ಅದರಲ್ಲೇ ಮಗ ಬೆಳೆದ, ಸಿಪಾಯಿಯಾದ. ಅವನು ಹೊರಟ ವರ್ಷ ತಾಯಿ ಒಂದು ಬೊಂತೆ ಹೊಲಿದರು. ಅವನ ತೊಟ್ಟಿಲ ಬಟ್ಟೆ, ಶಾಲೆಯ ಅಂಗಿ, ಮೊದಲ ಸಲ ಉಟ್ಟ ಪಂಚೆ, ಎಲ್ಲವೂ ಅದರಲ್ಲಿವೆ. ಅವನು ರಜೆಗೆ ಬಂದಾಗ ಹಾಸುವುದು ಅದನ್ನೇ.

ಹೋದ ಬೇಸಿಗೆಯಲ್ಲಿ ದಿಂಡಿಗಲ್‌ನ ಒಂದು ಪುಟ್ಟ ವಸ್ತುಸಂಗ್ರಹಾಲಯದವರು ಕಣಿವೆಗೆ ಬಂದಿದ್ದರು. ಈಗಿನ ಕಾಲದ ಕೈಹೊಲಿಗೆಗೆಂದು ಅಲ್ಲಿ ಒಂದು ಕೋಣೆ ತೆರೆಯುವವರಿದ್ದರು. ಪಾಪಮ್ಮಾಳ್ ಮನೆಯಲ್ಲಿ ಆಗ ಐದು ಬೊಂತೆಗಳಿದ್ದವು. ಯಾವುದನ್ನಾದರೂ ಕೊಡಬಹುದಿತ್ತು. ಆದರೆ ಪರರ ಮನೆಗೆ ಹೋಗುವುದು ಚೆನ್ನಾಗಿರಲಿ ಎಂದು ಕೊಟ್ಟದ್ದು ಮೂಕಯ್ಯನದನ್ನು. ಯಾವುದೋ ಮಂಚದ ಮೇಲೆ ಹಾಸಿಡುತ್ತಾರೆ, ಜನ ನೋಡಿ ಹೋಗುತ್ತಾರೆ ಎಂದುಕೊಂಡಿದ್ದರು. ಬೊಂತೆಯನ್ನು ಇನ್ನೆಲ್ಲಿ ಇಡುತ್ತಾರೆ?

ನೆರೆಮನೆಯ ಕಾಳಿಯಮ್ಮಾಳ್ ಎಂಟು ದಿನದ ಹಿಂದೆ ದಿಂಡಿಗಲ್‌ಗೆ ಹೋಗಿ ಬಂದು, ಹಿಗ್ಗಿನಿಂದ ಸುದ್ದಿ ಹೇಳಿದರು. ಬೊಂತೆಯ ನಾಲ್ಕು ಮೂಲೆಗೂ ಮೊಳೆ ಹೊಡೆದು ಗೋಡೆಗೆ ನಿಲ್ಲಿಸಿದ್ದಾರಂತೆ, ಮೇಲೊಂದು ಕರೆಂಟು ದೀಪವಂತೆ. ಅಂದಿನಿಂದ ಪಾಪಮ್ಮಾಳ್ ಸರಿಯಾಗಿ ಉಂಡಿಲ್ಲ. ಅವರ ಮನೆತನದ ಕಟ್ಟಳೆಯಲ್ಲಿ ಬೊಂತೆಯನ್ನು ಹಾಗೆ ನಿಲ್ಲಿಸುವುದು ಒಂದೇ ದಿನ. ಅದರಲ್ಲಿ ಮಲಗುತ್ತಿದ್ದವರು ತೀರಿಕೊಂಡ ಒಂಬತ್ತನೆಯ ದಿನ, ಬಂದವರೆಲ್ಲ ಕಂಡು ಅಳಲೆಂದು.

"ಉಸಿರಿರೋರ ಬೊಂತೆನ ಬಿಸಿಲಿಗೆ ಹಾಕಿದ್ರೂ ಮಡಚಿ ಹಾಕ್ತೀವಿ, ತಂಬಿ. ಪಂಜಾಬಿಂದ ಕಡುದಾಸಿ ಬಂದು ಐದು ವಾರ ಆಯ್ತು. ಪೋರು ನಿಂತದೆ ಅಂತ ರೇಡಿಯೋದಾಗೆ ಹೇಳಿ ಹನ್ನೆರಡು ದಿನ. ನನ್ ಪಯ್ಯನ ಬೊಂತೆ ಅಲ್ಲಿ ನಿಂತೈತೆ."

ಗಡಿಯಲ್ಲಿ ಯುದ್ಧ ಈಗಷ್ಟೇ ನಿಂತಿದೆ, ಕಾಗದ ತಡವಾಗುವುದಕ್ಕೆ ನೂರು ಕಾರಣವಿರುತ್ತದೆ ಎಂದು ನಾನು ಸಮಾಧಾನ ಹೇಳಹೋದೆ. ಪೇಟೆಯವರ ಸಮಾಧಾನ, ಉಪ್ಪಿಲ್ಲದ ಸಾರು. ಕಳೆದ ತಿಂಗಳು ಅದೇ ಗೋಡೆಯ ಮುಂದೆ ನಿಂತು ಅಂದವಾಗಿ ತೂಗುಹಾಕಿದ್ದಾರೆ ಎಂದು ಮೆಚ್ಚಿದವನು ನಾನೇ. ಅದನ್ನು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ನಾವಿಬ್ಬರೂ ತೇನಿಯಲ್ಲಿ ಬಸ್ಸು ಬದಲಿಸಿ ದಿಂಡಿಗಲ್ ಸೇರುವಾಗ ಹತ್ತೂವರೆ. ದಾರಿಯುದ್ದಕ್ಕೂ ಅವರು ಮಾತಾಡಿದ್ದು ಒಂದೇ ಸಲ, ಬಸ್ಸು ಕೆಟ್ಟರೆ ಏನು ಮಾಡುವುದೆಂದು. ಸಂಗ್ರಹಾಲಯದ ಕಾವಲುಗಾರ ಪೆರಿಯಣ್ಣನ್ ಆಗಷ್ಟೇ ಬೀಗ ತೆಗೆಯುತ್ತಿದ್ದರು. ಬೊಂತೆ ಕಂಡೊಡನೆ ಪಾಪಮ್ಮಾಳ್ ಮುಖ ತಿರುಗಿಸಿದರು. ಹೊಲಿದ ಕೈ ತನ್ನದೇ ಕೆಲಸವನ್ನು ನೋಡಲಾರದೆ ಸೆರಗಿನೊಳಗೆ ಸೇರಿತು. ನನಗೆ ನಾಚಿಕೆಯೂ ಭಯವೂ ಒಟ್ಟಿಗೇ ಆದವು.

"ಇಳಿಸು ಸಾಮಿ, ಮಲಗಿಸು" ಎಂದರು ತಮಿಳಿನಲ್ಲಿ.

ಪೆರಿಯಣ್ಣನ್ ಗಾಬರಿಯಾದರು. ಮೇಲಿನವರು ಮದ್ರಾಸಿನಲ್ಲಿದ್ದಾರೆ, ಸೋಮವಾರ ಬರುತ್ತಾರೆ, ಅವರ ಅಪ್ಪಣೆಯಿಲ್ಲದೆ ಒಂದು ಮೊಳೆ ಕಿತ್ತರೂ ತನ್ನ ಕೆಲಸ ಹೋಗುತ್ತದೆ ಎಂದರು. ಬೇಕಿದ್ದರೆ ಅರ್ಜಿ ಬರೆದುಕೊಟ್ಟು ಬೊಂತೆಯನ್ನು ಮನೆಗೇ ಒಯ್ಯಬಹುದು, ಅದೂ ಸೋಮವಾರವೇ. ಅಂದು ಶುಕ್ರವಾರ.

"ಕೊಟ್ಟದ್ದ ವಾಪಸ್ ಒಯ್ಯೋಳಲ್ಲ ನಾನು. ಮಲಗಿಸು ಅಂದೆ, ಅಷ್ಟೇ" ಎಂದ ಪಾಪಮ್ಮಾಳ್ ಗೋಡೆಯ ಬುಡದಲ್ಲಿ ಕುಳಿತೇಬಿಟ್ಟರು. ಜೊತೆಗೆ ತಂದಿದ್ದ ಗಂಟು ಬಿಚ್ಚಿ ಬೆಳಗಿನ ಅರೆಹೊಲಿದ ಬೊಂತೆಯನ್ನು ಮೊಣಕಾಲ ಮೇಲೆಳೆದುಕೊಂಡರು. "ಸೋಮವಾರಗಂಟ ಇಲ್ಲೇ ಇರ್ತೀನಿ."

ಹನ್ನೊಂದಕ್ಕೆ ಜನ ಬರತೊಡಗಿದರು. ಗಾಜಿನ ಪೆಟ್ಟಿಗೆಯ ಕಸೂತಿಯನ್ನು ಯಾರೂ ನೋಡಲಿಲ್ಲ, ಎಲ್ಲರೂ ಇವರ ಸುತ್ತ ನಿಂತರು. ಪಾಪಮ್ಮಾಳ್ ಸೆರಗಿನಿಂದ ಕಣ್ಣೊರೆಸುತ್ತಲೇ ಹೊಲಿಯುತ್ತಿದ್ದರು. ಒಬ್ಬ ಹೆಂಗಸು ಇವರು ಯಾಕೆ ಅಳುತ್ತಿದ್ದಾರೆ ಎಂದು ಪೆರಿಯಣ್ಣನ್ ಅವರನ್ನೇ ಕೇಳಿದಳು. ಅವರು ನನ್ನತ್ತ ನೋಡಿದರು. ಇಳಿಸಲು ಹೇಳಿದ್ದು ನಾನೇ ಎಂದು ಪತ್ರಿಕೆಯ ಹೆಸರು ಹಾಕಿ, ಸಹಿ ಮಾಡಿ ಒಂದು ಚೀಟಿ ಕೊಟ್ಟೆ. ಅದಕ್ಕೆ ಕಾಸಿನ ಬೆಲೆಯಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವರು ಅದನ್ನು ಜೇಬಿಗಿಟ್ಟುಕೊಂಡು ಏಣಿ ತಂದರು.

ನಾಲ್ಕು ಮೊಳೆ ಕೀಳುವವರೆಗೆ ಪಾಪಮ್ಮಾಳ್ ಏಣಿಯ ಬುಡ ಹಿಡಿದು ನಿಂತಿದ್ದರು. ಅವರೂ ಪೆರಿಯಣ್ಣನ್ನೂ ಸೇರಿ ಉದ್ದನೆಯ ಬೆಂಚೊಂದರ ಮೇಲೆ ಬೊಂತೆ ಹಾಸಿದರು. ಮೊಳೆಯ ತೂತುಗಳನ್ನು ಪಾಪಮ್ಮಾಳ್ ಅಲ್ಲೇ ಹೊಲಿದು ಮುಚ್ಚಿದರು. ಈಗ ಸೂಜಿ ಒಮ್ಮೆಯೂ ಬೆರಳಿಗೆ ಚುಚ್ಚಲಿಲ್ಲ. ಕಾಗದ ಬಂದಿರಲಿಲ್ಲ, ನಾನು ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ. ಆದರೂ ಮಡಿಕೆ ಸರಿಪಡಿಸುತ್ತಾ, ರಜೆಗೆ ಬಂದಾಗ ಅವನನ್ನು ಇಲ್ಲಿಗೆ ಕರೆತಂದು ಇದನ್ನು ತೋರಿಸಬೇಕು, ತನಗಿರುವುದು ಅದೊಂದೇ ಆಸೆ ಎಂದರು.

ಪೆರಿಯಣ್ಣನ್‌ಗೆ ಇನ್ನೂ ಸಮಾಧಾನವಿಲ್ಲ. "ಹೀಗೆ ಮಲಗಿಸಿದರೆ ದೂರದಿಂದ ಕಾಣಿಸೋದಿಲ್ಲ, ಅಮ್ಮಾ. ನೋಡೋರು ಬಗ್ಗಬೇಕಾಗುತ್ತೆ."

ಪಾಪಮ್ಮಾಳ್ ಹಲ್ಲಿನಲ್ಲಿ ದಾರ ಕಡಿದರು.

"ಬಗ್ಗಲಿ ಸಾಮಿ. ನಾನೂ ಬಗ್ಗೇ ತಾನೆ ಹೊಲಿದದ್ದು."